ಶೋಧಗಂಗಾ, ಶೋಧಶುದ್ಧಿ ಮತ್ತು ಕನ್ನಡದ ಮಹಾಪ್ರಬಂಧ: ಬಳಸಿ ನೋಡಿದ ಮಾರ್ಗದರ್ಶಕನ ವಿಮರ್ಶೆ

ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ದಿನಗಳು ಹತ್ತಿರ ಬಂದಾಗ ನಮ್ಮ ವಿಭಾಗದ ಪಡಸಾಲೆಯಲ್ಲಿ ಸಂಶೋಧನಾರ್ಥಿಗಳು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಬಂತು?’ ಎಂಬುದು. ಅವರು ಕೇಳುತ್ತಿರುವುದು ತಂತ್ರಾಂಶ ತೋರಿಸಿದ, ಈಗಾಗಲೇ ಇರುವ ಬರಹಗಳೊಂದಿಗಿನ ಸಾಮ್ಯತೆಯ ಶೇಕಡಾವಾರು ಪ್ರಮಾಣವನ್ನು. ಅದು ಹತ್ತರೊಳಗೆ ಬಂದಿದ್ದರೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ. ಹತ್ತನ್ನು ದಾಟಿದ್ದರೆ ಗ್ರಂಥಾಲಯದಿಂದ ಡಿಟಿಪಿ ಅಂಗಡಿಗೆ, ಅಲ್ಲಿಂದ ಗೈಡ್ ಮನೆಗೆ ಓಡಾಟ. ಈ ಓಡಾಟದ ಹಿಂದೆ ಇರುವುದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎರಡು ಸೇವೆಗಳು: ದೇಶದ ಮಹಾಪ್ರಬಂಧಗಳನ್ನು ಒಂದೆಡೆ ತೆರೆದಿಡುವ ಶೋಧಗಂಗಾ ಮತ್ತು ಕೃತಿಚೌರ್ಯವನ್ನು ಪರೀಕ್ಷಿಸಲು ತಂತ್ರಾಂಶ ಒದಗಿಸುವ ಶೋಧಶುದ್ಧಿ. ಕನ್ನಡದಲ್ಲೇ ಬರೆಯುವ ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತ ಈ ಎರಡನ್ನೂ ಹಲವು ವರ್ಷಗಳಿಂದ ಬಳಸಿದ್ದೇನೆ. ಎರಡರಲ್ಲಿ ಯಾವುದು ಸಂಶೋಧನೆಯ ಪ್ರಾಮಾಣಿಕತೆಗೆ ಹೆಚ್ಚು ನೆರವಾಗುತ್ತದೆ ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಈ ಅವಧಿಯಲ್ಲಿ ತಲೆಕೆಳಗಾಗಿದೆ.

ಮೊದಲು ಶೋಧಗಂಗಾ. ವಿಶ್ವವಿದ್ಯಾಲಯ ಅನುದಾನ ಆಯೋಗವು 1991ರಲ್ಲಿ ಒಂದು ಯೋಜನೆಯಾಗಿ ಆರಂಭಿಸಿ 1996ರಲ್ಲಿ ಸ್ವತಂತ್ರ ಅಂತರ ವಿಶ್ವವಿದ್ಯಾಲಯ ಕೇಂದ್ರವಾಗಿ ರೂಪಿಸಿದ ಇನ್‌ಫ್ಲಿಬ್‌ನೆಟ್ ಇಂದು ಗುಜರಾತಿನ ಗಾಂಧಿನಗರದಲ್ಲಿದೆ. 2009ರ ಪಿಎಚ್.ಡಿ. ನಿಯಮಾವಳಿಯು ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿದ ಮೇಲೆ ಈ ಭಂಡಾರ ತುಂಬತೊಡಗಿತು. ಈಗ ಅದರಲ್ಲಿ 5 ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಲಾಗಿನ್ ಬೇಡ, ಶುಲ್ಕವಿಲ್ಲ, ಯಾವ ವಿಶ್ವವಿದ್ಯಾಲಯದ ಗುರುತಿನ ಚೀಟಿಯೂ ಬೇಡ. ನಾನು ಪಿಎಚ್.ಡಿ. ಮಾಡಿದ ಕಾಲವನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. ಆಗ ಮಹಾಪ್ರಬಂಧವೆಂದರೆ ರೆಕ್ಸಿನ್ ಹೊದಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರ ಹೊಡೆಸಿದ, ಗ್ರಂಥಾಲಯದ ಬೀಗ ಹಾಕಿದ ಬೀರುವಿನೊಳಗಿನ ವಸ್ತು. ಧಾರವಾಡದಲ್ಲಿ ಸಲ್ಲಿಕೆಯಾದದ್ದನ್ನು ಮೈಸೂರಿನವರು ನೋಡಬೇಕಾದರೆ ರೈಲು ಹತ್ತಬೇಕಿತ್ತು, ಪತ್ರ ತರಬೇಕಿತ್ತು, ಗ್ರಂಥಪಾಲಕರು ಆ ದಿನ ರಜೆಯಲ್ಲಿಲ್ಲದಂತೆ ಹಾರೈಸಬೇಕಿತ್ತು. ಒಂದೇ ವಿಷಯದ ಮೇಲೆ ಎರಡು ವಿಶ್ವವಿದ್ಯಾಲಯಗಳಲ್ಲಿ ಎರಡು ಪದವಿಗಳು ಸಿಕ್ಕಿದರೆ ಅದು ಬೆಳಕಿಗೆ ಬರುತ್ತಿದ್ದುದು ಎರಡೂ ಕಡೆಗೆ ಪರೀಕ್ಷಕರಾಗಿ ಹೋದ ಯಾರಾದರೂ ಹಿರಿಯರ ಜ್ಞಾಪಕಶಕ್ತಿಯಿಂದ ಮಾತ್ರ.

ಈಗ ವಿಷಯ ಆಯ್ಕೆಯ ಹಂತದಲ್ಲೇ ನಾನು ಸಂಶೋಧನಾರ್ಥಿಗಳನ್ನು ಶೋಧಗಂಗಾದ ಮುಂದೆ ಕೂರಿಸುತ್ತೇನೆ. ಶೀರ್ಷಿಕೆ ಮತ್ತು ಸಂಶೋಧಕರ ಹೆಸರಿನಿಂದ ಹುಡುಕುವುದು ಎಲ್ಲರಿಗೂ ಗೊತ್ತಿರುವ ದಾರಿ. ಮಾರ್ಗದರ್ಶಕರ ಹೆಸರಿನಿಂದಲೂ ಹುಡುಕಬಹುದು ಎಂಬುದು ಹಲವರಿಗೆ ತಿಳಿಯದು, ಆದರೆ ಹೆಚ್ಚು ಉಪಯುಕ್ತವಾದದ್ದು ಅದೇ. ಒಬ್ಬರ ಕೈಕೆಳಗೆ ಬಂದ ಹತ್ತು ಹದಿನೈದು ಮಹಾಪ್ರಬಂಧಗಳ ಪರಿವಿಡಿಗಳನ್ನು ಸಾಲಾಗಿ ತೆರೆದು ನೋಡಿದರೆ ಅಲ್ಲಿ ಒಂದು ಚಿಂತನೆ ಬೆಳೆದಿದೆಯೋ, ಇಲ್ಲವೇ ಒಂದೇ ಅಚ್ಚಿಗೆ ಊರಿನ ಹೆಸರು, ಲೇಖಕರ ಹೆಸರು ಬದಲಿಸಿ ಹಿಟ್ಟು ಸುರಿದಿದ್ದಾರೋ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ನನ್ನ ಹೆಸರಿನಲ್ಲಿ ಹುಡುಕಿದವರಿಗೂ ಹೀಗೆಯೇ ಗೊತ್ತಾಗುತ್ತದೆ ಎಂಬ ಅರಿವು ಬಂದ ಮೇಲೆ, ಪರಿವಿಡಿಯ ಕರಡಿಗೆ ಸಹಿ ಹಾಕುವ ಮುನ್ನ ನಾನು ತೆಗೆದುಕೊಳ್ಳುವ ಸಮಯ ಹೆಚ್ಚಾಗಿದೆಯೆಂದು ಒಪ್ಪಿಕೊಳ್ಳುತ್ತೇನೆ. ಇನ್ನೂ ನಡೆಯುತ್ತಿರುವ ಸಂಶೋಧನೆಗಳ ಸಾರಲೇಖಗಳಿಗಾಗಿ ಶೋಧಗಂಗೋತ್ರಿ ಎಂಬ ಜೊತೆ ಸೇವೆಯೂ ಇದೆ. ನೋಂದಣಿಗೆ ಮುನ್ನ ಅದನ್ನೂ ನೋಡುವುದು ಒಳ್ಳೆಯದು.

ಕನ್ನಡದ ಬಳಕೆದಾರನಿಗೆ ತೊಡಕುಗಳು ಇಲ್ಲದಿಲ್ಲ. ಕನ್ನಡ ಮಹಾಪ್ರಬಂಧಗಳ ಶೀರ್ಷಿಕೆಗಳು ಎಷ್ಟೋ ಕಡೆ ರೋಮನ್ ಲಿಪಿಯಲ್ಲಿ ನಮೂದಾಗಿವೆ, ಮತ್ತು ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವುದಕ್ಕೆ ನಮ್ಮಲ್ಲಿ ಒಮ್ಮತದ ಕಾಗುಣಿತವಿಲ್ಲ. ‘ಸಾಹಿತ್ಯ’ ಎಂಬ ಪದದ ತಕಾರಕ್ಕೆ ಒಬ್ಬರು ಟಿ ಅಷ್ಟೇ ಹಾಕಿದರೆ ಇನ್ನೊಬ್ಬರು ಟಿಎಚ್ ಹಾಕುತ್ತಾರೆ, ದೀರ್ಘಕ್ಕೆ ಒಬ್ಬರು ಒಂದು ಎ ಬಳಸಿದರೆ ಇನ್ನೊಬ್ಬರು ಎರಡು. ಆದ್ದರಿಂದ ಒಂದೇ ವಿಷಯವನ್ನು ನಾಲ್ಕು ಬಗೆಯಲ್ಲಿ, ಆಮೇಲೆ ಕನ್ನಡ ಲಿಪಿಯಲ್ಲಿ, ಕೊನೆಗೆ ಇಂಗ್ಲಿಷ್ ಅನುವಾದದಲ್ಲಿ ಹುಡುಕದೆ ‘ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ’ ಎಂದು ಸಾರಲೇಖದಲ್ಲಿ ಬರೆಯಬಾರದೆಂಬ ನಿಯಮ ಮಾಡಿಕೊಂಡಿದ್ದೇನೆ. ಮಹಾಪ್ರಬಂಧವು ಒಂದೇ ಕಡತವಾಗಿರದೆ ಮುಖಪುಟ, ಪ್ರಮಾಣಪತ್ರ, ಒಂದೊಂದು ಅಧ್ಯಾಯ ಎಂದು ಬಿಡಿಬಿಡಿ ಪಿಡಿಎಫ್‌ಗಳಾಗಿ ಇರುವುದರಿಂದ, ಅಡಿಟಿಪ್ಪಣಿಯಿಂದ ಗ್ರಂಥಋಣಕ್ಕೆ ಹೋಗಲು ಇನ್ನೊಂದು ಕಡತವನ್ನೇ ತೆರೆಯಬೇಕು. ನಗರದಲ್ಲಿ ಕುಳಿತವರಿಗೆ ಇದು ಕಿರಿಕಿರಿಯಾದರೂ, ನೆಟ್‌ವರ್ಕ್ ದುರ್ಬಲವಾಗಿರುವ ಊರಿನಿಂದ ಮೊಬೈಲಿನಲ್ಲಿ ಓದುವವರಿಗೆ ತಮಗೆ ಬೇಕಾದ ಒಂದೇ ಅಧ್ಯಾಯವನ್ನು ಇಳಿಸಿಕೊಳ್ಳುವ ಅನುಕೂಲ ಎಂದು ನನ್ನ ವಿದ್ಯಾರ್ಥಿಯೊಬ್ಬಳು ತಿದ್ದಿದಳು.

ಇನ್ನು ಶೋಧಶುದ್ಧಿ. ವಿಶ್ವವಿದ್ಯಾಲಯಗಳಿಗೆ ಕೃತಿಚೌರ್ಯ ಪತ್ತೆಯ ತಂತ್ರಾಂಶವನ್ನು ಉಚಿತವಾಗಿ ಒದಗಿಸುವ ಈ ಯೋಜನೆ 2019ರಲ್ಲಿ ಸ್ವೀಡನ್ ಮೂಲದ ಉರ್ಕುಂಡ್ ತಂತ್ರಾಂಶದೊಂದಿಗೆ ಶುರುವಾಯಿತು. ಈಗ ಆ ಜಾಗದಲ್ಲಿ ಬೆಂಗಳೂರಿನ ಡ್ರಿಲ್‌ಬಿಟ್ ಇದೆ. ಯೋಜನೆಯ ಹಿಂದಿನ ಒತ್ತಾಸೆ 2018ರ ಜುಲೈನಲ್ಲಿ ಆಯೋಗ ಹೊರಡಿಸಿದ ಶೈಕ್ಷಣಿಕ ಪ್ರಾಮಾಣಿಕತೆ ಮತ್ತು ಕೃತಿಚೌರ್ಯ ತಡೆ ನಿಯಮಾವಳಿ. ಅದರ ಪ್ರಕಾರ ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ 6 ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಮರುಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಮರುಸಲ್ಲಿಕೆಯಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಪದವಿ ಕೈಗೆ ಬಂದ ಮೇಲೆ ಚೌರ್ಯ ಸಾಬೀತಾದರೆ ಪದವಿಯನ್ನು ಅಮಾನತಿನಲ್ಲಿಡಬಹುದು. ಅಧ್ಯಾಪಕರ ಪ್ರಕಟಣೆಗಳಲ್ಲಿ ಮೇಲಿನ ಹಂತದ ಚೌರ್ಯ ಕಂಡುಬಂದರೆ ವಾರ್ಷಿಕ ವೇತನ ಬಡ್ತಿಯ ಕಡಿತವೂ ಎರಡು ಅಥವಾ ಮೂರು ವರ್ಷ ಮಾರ್ಗದರ್ಶನಕ್ಕೆ ನಿಷೇಧವೂ ಇದೆ. ಕಾಗದದ ಮೇಲೆ ಇದು ಗಟ್ಟಿಯಾದ ಕಾನೂನು. ನಿಯಮಾವಳಿಯನ್ನು ಪೂರ್ತಿ ಓದಿದವರಿಗೆ ಇನ್ನೊಂದು ವಿಷಯವೂ ಕಾಣುತ್ತದೆ: ಅದು ತೀರ್ಪನ್ನು ಯಂತ್ರಕ್ಕೆ ಒಪ್ಪಿಸಿಲ್ಲ. ದೂರನ್ನು ವಿಭಾಗಮಟ್ಟದ ಸಮಿತಿ ವಿಚಾರಿಸಬೇಕು, ಅದರಲ್ಲಿ ವಿಭಾಗದ ಹೊರಗಿನ ಹಿರಿಯ ಅಧ್ಯಾಪಕರೊಬ್ಬರು ಇರಬೇಕು, 45 ದಿನಗಳೊಳಗೆ ವರದಿ ಸಂಸ್ಥೆಯ ಸಮಿತಿಗೆ ಹೋಗಬೇಕು. ಕೃತಿ ಚೌರ್ಯಮುಕ್ತವಾಗಿದೆಯೆಂಬ ಪ್ರಮಾಣಪತ್ರಕ್ಕೆ ಮಾರ್ಗದರ್ಶಕರೂ ಸಹಿ ಹಾಕಬೇಕು.

ಶೋಧಶುದ್ಧಿ ಬರುವುದಕ್ಕೂ ಮೊದಲು, ಬೇರೊಂದು ತಂತ್ರಾಂಶದ ಕಾಲದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ಬಗೆಯ ಯಾವುದೇ ಸೇವೆಯನ್ನು ಕನ್ನಡಕ್ಕೆ ಬಳಸುವವರು ತಿಳಿದಿರಬೇಕಾದ ಸಂಗತಿ ಅದರಲ್ಲಿದೆ. ಸಂಶೋಧನಾರ್ಥಿಯೊಬ್ಬರ ಮಹಾಪ್ರಬಂಧಕ್ಕೆ ಒಂದಂಕಿಯ ಸಾಮ್ಯತೆ ಬಂದಿತ್ತು. ವರದಿ ಹಿಡಿದು ಬಂದವರ ಮುಖದಲ್ಲಿ ನೆಮ್ಮದಿ ಇತ್ತು, ನನಗೆ ಇರಲಿಲ್ಲ. ಮೂರನೆಯ ಅಧ್ಯಾಯದ ಕೆಲವು ಪುಟಗಳ ಕನ್ನಡ ಅವರ ಮಾತಿನ ಕನ್ನಡಕ್ಕೂ ಉಳಿದ ಅಧ್ಯಾಯಗಳ ಕನ್ನಡಕ್ಕೂ ಹೊಂದುತ್ತಿರಲಿಲ್ಲ. ಕಡತವನ್ನು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೊಮ್ಮೆ ಪರೀಕ್ಷೆಗೆ ಕೊಟ್ಟೆವು. ಸಂಖ್ಯೆ ಹತ್ತನ್ನು ಬಹುದೂರ ದಾಟಿ ನಿಂತಿತು. ತಪ್ಪು ತಂತ್ರಾಂಶದ್ದಲ್ಲ. ಮೊದಲ ಕಡತವನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಲಾಗಿತ್ತು. ಆ ಫಾಂಟಿನಲ್ಲಿ ನಮ್ಮ ಕಣ್ಣಿಗೆ ಕಾಣುವ ‘ಕನ್ನಡ’ ಎಂಬ ಪದ ಕಂಪ್ಯೂಟರಿನ ಮಟ್ಟಿಗೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಸಕಾರ, ಹೀಗೆ ಸಾಗುವ ಅರ್ಥವಿಲ್ಲದ ಸರಪಳಿ. ಅದನ್ನು ಪತ್ರಿಕೆಗಳ ಜಾಲತಾಣದಲ್ಲೋ ವಿಕಿಪೀಡಿಯಾದಲ್ಲೋ ಇರುವ ಯೂನಿಕೋಡ್ ಪಠ್ಯದೊಂದಿಗೆ ಹೋಲಿಸಿದರೆ ಏನು ತಾನೇ ತಾಳೆಯಾದೀತು? ನುಡಿಯ ಪಠ್ಯ ನುಡಿಯ ಪಠ್ಯದೊಂದಿಗೆ ಮಾತ್ರ ಹೊಂದಬಲ್ಲದು. ಶ್ರೀಲಿಪಿ ಎಂಬ ಇನ್ನೊಂದು ಟೈಪಿಂಗ್ ತಂತ್ರಾಂಶದ ಸಂಕೇತವ್ಯವಸ್ಥೆ ಮತ್ತೂ ಬೇರೆ. ಹಳೆಯ ಮಹಾಪ್ರಬಂಧಗಳಲ್ಲಿ ಸ್ಕ್ಯಾನ್ ಮಾಡಿದ ಪುಟಗಳೂ ಇರುತ್ತವೆ, ಅವು ಯಂತ್ರಕ್ಕೆ ಬರೀ ಚಿತ್ರಗಳು. ಹಾಗಾಗಿ ಕನ್ನಡ ಮಹಾಪ್ರಬಂಧಕ್ಕೆ ತೀರ ಕಡಿಮೆ ಸಂಖ್ಯೆ ಬಂದಾಗ ಸಂತೋಷಪಡುವ ಮೊದಲು ‘ಯಾವ ಫಾಂಟಿನಲ್ಲಿ ಟೈಪ್ ಮಾಡಿಸಿದಿರಿ?’ ಎಂದು ಕೇಳಬೇಕು. ನಮ್ಮ ವಿಭಾಗದಲ್ಲಿ ಈಗ ಮೊದಲ ಅಧ್ಯಾಯದಿಂದಲೇ ಯೂನಿಕೋಡ್ ಕಡ್ಡಾಯ. ಡಿಟಿಪಿ ಅಂಗಡಿಯವರು ‘ಸರ್, ಯೂನಿಕೋಡ್‌ನಲ್ಲಿ ಒತ್ತಕ್ಷರ ಚೆನ್ನಾಗಿ ಬರಲ್ಲ’ ಎಂದು ಈಗಲೂ ಗೊಣಗುತ್ತಾರೆ.

ಫಾಂಟಿನ ತೊಡಕು ಕಳೆದ ಮೇಲೂ ಭಾಷೆಯ ತೊಡಕು ಉಳಿಯುತ್ತದೆ. ಸಾಮಾನ್ಯ ತಿಳಿವಳಿಕೆಯ ಮಾತುಗಳು, ಆಕಸ್ಮಿಕವಾಗಿ ಹೊಂದುವ ನುಡಿಗಟ್ಟುಗಳು ಸತತ 14 ಪದಗಳವರೆಗೆ ಇದ್ದರೆ ಅವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ನಿಯಮಾವಳಿ ಹೇಳುತ್ತದೆ. ಈ ಹದಿನಾಲ್ಕನ್ನು ಎಣಿಸಿದವರ ಮನಸ್ಸಿನಲ್ಲಿ ಇಂಗ್ಲಿಷ್ ಇತ್ತೆಂದು ಕಾಣುತ್ತದೆ. ‘ಬರೆಯಲಾಗಿದ್ದುದರಿಂದ’ ಎಂಬುದು ನಮ್ಮಲ್ಲಿ ಒಂದು ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಐದು ಪದ ಬೇಕು. ಕನ್ನಡದ ಹದಿನಾಲ್ಕು ಪದಗಳೆಂದರೆ ಒಂದು ಪೂರ್ಣ ವಾದ, ಕೆಲವೊಮ್ಮೆ ಎರಡು ವಾಕ್ಯ. ಯಾರಾದರೂ ಇನ್ನೊಬ್ಬರ ವಾದವನ್ನು ಹದಿಮೂರು ಪದಗಳ ತುಂಡುಗಳಾಗಿ ಕದ್ದರೆ ಆ ವಿನಾಯಿತಿ ಅವರಿಗೆ ಧಾರಾಳವಾಗಿ ಒದಗುತ್ತದೆ. ಇದಕ್ಕೆ ವಿರುದ್ಧವಾದ ಅನ್ಯಾಯವೂ ಇದೆ: ವಚನವನ್ನೋ ಕಂದಪದ್ಯವನ್ನೋ ಆಕರ ಸಮೇತ ಉದ್ಧರಿಸಿದ ಪ್ರಾಮಾಣಿಕ ವಿದ್ಯಾರ್ಥಿಯ ಪುಟ, ಉದ್ಧರಣ ಚಿಹ್ನೆಯನ್ನು ಯಂತ್ರ ಗುರುತಿಸದಿದ್ದರೆ, ಕೆಂಪಾಗಿ ಹೊರಬರುತ್ತದೆ. ಪದ್ಯವನ್ನು ಉದ್ಧರಿಸದೆ ಹಳಗನ್ನಡದ ಮೇಲೆ ಮಹಾಪ್ರಬಂಧ ಬರೆಯುವುದು ಹೇಗೆಂದು ಒಬ್ಬ ಹುಡುಗ ನನ್ನನ್ನು ಅಳುಮೋರೆಯಲ್ಲಿ ಕೇಳಿದ್ದ. ವರದಿಯನ್ನು ಸಾಲು ಸಾಲಾಗಿ ಕೂತು ನೋಡಿ, ಉದ್ಧರಣೆಗಳನ್ನು ಕೈಯಿಂದ ಹೊರಗಿಟ್ಟು, ಉಳಿದದ್ದನ್ನು ಎಣಿಸುವ ತಾಳ್ಮೆಯ ಗ್ರಂಥಪಾಲಕರು ಇದ್ದಲ್ಲಿ ಮಾತ್ರ ಈ ಸೇವೆ ಕನ್ನಡಕ್ಕೆ ನ್ಯಾಯ ಒದಗಿಸುತ್ತದೆ. ಅಂಥವರು ನಮ್ಮಲ್ಲಿದ್ದಾರೆ, ಅವರ ಹೆಸರು ಯಾವ ಮಹಾಪ್ರಬಂಧದ ಕೃತಜ್ಞತೆಯಲ್ಲೂ ಎರಡನೆಯ ಪುಟಕ್ಕಿಂತ ಮೊದಲು ಬರುವುದಿಲ್ಲ.

ಯಂತ್ರದ ಕಣ್ಣಿಗೆ ಬೀಳದ ಕಳವು ಅನುವಾದದ ಕಳವು. ಇಂಗ್ಲಿಷಿನ ಲೇಖನವೊಂದನ್ನು ಯಂತ್ರಾನುವಾದಕ್ಕೆ ಹಾಕಿ, ಅಲ್ಲಲ್ಲಿ ವಿಭಕ್ತಿ ಸರಿಪಡಿಸಿ, ಸೈದ್ಧಾಂತಿಕ ಅಧ್ಯಾಯವೆಂದು ಸೇರಿಸಿದರೆ ಪದಗಳನ್ನು ಪದಗಳೊಂದಿಗೆ ಹೋಲಿಸುವ ಪರೀಕ್ಷೆಯಲ್ಲಿ ಅದು ಅಪ್ಪಟ ಸ್ವಂತ ಬರಹ. ಅದನ್ನು ಹಿಡಿಯುವುದು ಕಿವಿ. ಕರ್ಮಣಿ ಪ್ರಯೋಗಗಳು ಮೆರವಣಿಗೆ ಹೊರಟಾಗ, ಕ್ರಿಯಾಪದ ವಾಕ್ಯದ ಕೊನೆಗೆ ಉಸಿರು ಕಟ್ಟಿ ತಲುಪಿದಾಗ, ‘ಇದನ್ನು ಎಲ್ಲಿ ಓದಿದಿರಿ?’ ಎಂದು ಮೆಲ್ಲಗೆ ಕೇಳಿದರೆ ಹೆಚ್ಚಿನವರು ನಿಜ ಹೇಳುತ್ತಾರೆ. ದುರುದ್ದೇಶ ಇದ್ದವರು ಕಡಿಮೆ. ಅನುವಾದ ಮಾಡಿದರೂ ಆಕರ ಹೇಳಬೇಕೆಂಬುದನ್ನು ಪದವಿ ತರಗತಿಯಿಂದ ಈವರೆಗೆ ಯಾರೂ ತಮಗೆ ಹೇಳಿಕೊಟ್ಟಿರಲಿಲ್ಲ ಎನ್ನುವವರೇ ಹೆಚ್ಚು, ಆ ಮಾತನ್ನು ನಾನು ನಂಬುತ್ತೇನೆ.

ಹೇಳಿಕೊಡುವ ಕೆಲಸಕ್ಕೆಂದೇ ಆಯೋಗ 2019ರ ಡಿಸೆಂಬರಿನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ 2 ಕ್ರೆಡಿಟ್‌ಗಳ, 30 ಗಂಟೆಗಳ ಪಠ್ಯವನ್ನು ಪಿಎಚ್.ಡಿ. ಕೋರ್ಸ್‌ವರ್ಕಿಗೆ ಸೇರಿಸಿತು. ಆರು ಘಟಕಗಳ ಈ ಪಠ್ಯದಲ್ಲಿ ತತ್ತ್ವಶಾಸ್ತ್ರದ ಪೀಠಿಕೆಯಿಂದ ಮುಕ್ತ ಪ್ರಕಟಣೆ, ಉಲ್ಲೇಖ ಸೂಚ್ಯಂಕಗಳವರೆಗೆ ಎಲ್ಲವೂ ಇವೆ. ವಿನ್ಯಾಸ ಒಳ್ಳೆಯದು. ಆದರೆ ಉದಾಹರಣೆಗಳು ವಿಜ್ಞಾನ ಮತ್ತು ವೈದ್ಯಕೀಯ ನಿಯತಕಾಲಿಕಗಳ ಲೋಕದವು, ಕನ್ನಡ ವಿಭಾಗದ ತರಗತಿಯಲ್ಲಿ ಅವು ಪರದೇಶದ ಸುದ್ದಿಯಂತೆ ಕೇಳಿಸುತ್ತವೆ. ನಮ್ಮವರಿಗೆ ತಟ್ಟುವ ಅಧ್ಯಾಯ ನಕಲಿ ನಿಯತಕಾಲಿಕಗಳದ್ದು. 2016ರ ಪಿಎಚ್.ಡಿ. ನಿಯಮಾವಳಿ ಮಹಾಪ್ರಬಂಧ ಸಲ್ಲಿಕೆಗೆ ಮುನ್ನ ಒಂದು ಲೇಖನ ಪ್ರಕಟವಾಗಬೇಕೆಂದು ಹೇಳಿದ್ದರಿಂದ ಹಣ ಕೊಟ್ಟರೆ ವಾರದಲ್ಲಿ ಅಚ್ಚು ಮಾಡುವ ಪತ್ರಿಕೆಗಳು ಹುಲುಸಾಗಿ ಬೆಳೆದವು. ಆಯೋಗ 2018ರ ಮೇ ತಿಂಗಳಿನಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು, ಮರುವರ್ಷ ಗುಣಮಟ್ಟದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ ಪತ್ರಿಕೆಯ ಗುಣಮಟ್ಟವನ್ನು ಅಳೆಯುವ ಹೊಣೆಯನ್ನು ವಿಶ್ವವಿದ್ಯಾಲಯಗಳ ಹೆಗಲಿಗೇ ಹಾಕಿತು. ಇಷ್ಟರಲ್ಲಿ 2022ರ ನಿಯಮಾವಳಿ ಪ್ರಕಟಣೆಯ ಕಡ್ಡಾಯವನ್ನೇ ತೆಗೆದಿತ್ತು. ಒಳ್ಳೆಯದೇ ಆಯಿತು ಎಂಬುದು ನನ್ನ ಅನಿಸಿಕೆ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಶೋಧಶುದ್ಧಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಗ್ರಂಥಾಲಯಕ್ಕೆ ದುಬಾರಿ ತಂತ್ರಾಂಶ ಕೊಳ್ಳಲು ಹಣವಿಲ್ಲದ ರಾಜ್ಯ ವಿಶ್ವವಿದ್ಯಾಲಯಗಳಿಗೆ ಉಚಿತವಾಗಿ ಸಿಗುವ ಪರೀಕ್ಷೆ ದೊಡ್ಡ ನೆರವು, ಮತ್ತು ಕರಡಿನ ಹಂತದಲ್ಲೇ ಬಳಸಿದರೆ ಅದು ಅಡಿಟಿಪ್ಪಣಿ ಎಲ್ಲಿ ಬಿಟ್ಟುಹೋಗಿದೆ ಎಂದು ತೋರಿಸುವ ಒಳ್ಳೆಯ ಶಿಕ್ಷಕ. ಕೊನೆಯ ವಾರದಲ್ಲಿ ಪ್ರಮಾಣಪತ್ರಕ್ಕಾಗಿ ಮಾತ್ರ ಬಳಸಿದಾಗ ಅದು ಸುಂಕದ ಕಟ್ಟೆಯಾಗುತ್ತದೆ. ಸುಂಕದ ಕಟ್ಟೆ ಇದ್ದಲ್ಲಿ ಅದನ್ನು ತಪ್ಪಿಸುವ ಕಾಲುದಾರಿಯೂ ಇರುತ್ತದೆ: ‘ಪರ್ಸೆಂಟೇಜ್ ಕಡಿಮೆ ಮಾಡಿಕೊಡುತ್ತೇವೆ’ ಎನ್ನುವ ಅಂಗಡಿಗಳು ವಿಶ್ವವಿದ್ಯಾಲಯವಿರುವ ಊರುಗಳಲ್ಲಿ ಅಪರೂಪವಲ್ಲ. ಅವರು ಮಾಡುವುದು ಪರ್ಯಾಯ ಪದಗಳನ್ನು ತುರುಕುವ ಕೆಲಸ. ‘ಹಸಿವು’ ಇದ್ದಲ್ಲಿ ‘ಕ್ಷುಧೆ’ ಬರುತ್ತದೆ, ‘ಮಳೆ’ ಇದ್ದಲ್ಲಿ ‘ವೃಷ್ಟಿ’, ಮತ್ತು ದಲಿತ ಆತ್ಮಕಥನಗಳ ಮೇಲಿನ ಮಹಾಪ್ರಬಂಧ ಆಸ್ಥಾನ ಪಂಡಿತರ ಶೈಲಿಯಲ್ಲಿ ಕೈಗೆ ಬರುತ್ತದೆ. ಪದವಿ ಪ್ರದಾನವಾದ ತಿಂಗಳೊಳಗೆ ಮಹಾಪ್ರಬಂಧವನ್ನು ಶೋಧಗಂಗಾಕ್ಕೆ ಕಳುಹಿಸಬೇಕೆಂದು ಅದೇ 2018ರ ನಿಯಮಾವಳಿ ಹೇಳುತ್ತದೆ. ಶೇಕಡಾವಾರಿನ ಅಂಕುಶಕ್ಕಿಂತ ಈ ಒಂದು ಸಾಲಿನ ಭಯವೇ ನನ್ನ ವಿದ್ಯಾರ್ಥಿಗಳ ಮೇಲೆ ಹೆಚ್ಚು ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಯಂತ್ರ ಒಮ್ಮೆ ನೋಡಿ ಸುಮ್ಮನಾಗುತ್ತದೆ. ತೆರೆದ ಭಂಡಾರದಲ್ಲಾದರೆ ಯಾರ ಪುಟಗಳು ಕಳವಾಗಿವೆಯೋ ಅವರೇ ಮುಂದೊಂದು ದಿನ ಅದನ್ನು ಓದಬಹುದು.

ಆದರೆ ಅದೇ ತೆರೆದ ಬಾಗಿಲು ಇನ್ನೊಂದು ನೈತಿಕ ಪ್ರಶ್ನೆಯನ್ನು ಎತ್ತುತ್ತದೆ, ಅದರ ಬಗ್ಗೆ ನಮ್ಮ ಕೋರ್ಸ್‌ವರ್ಕಿನಲ್ಲಿ ಚರ್ಚೆ ನಡೆದದ್ದನ್ನು ನಾನು ಕಂಡಿಲ್ಲ. ಜಾನಪದ ಮಹಾಪ್ರಬಂಧಗಳ ಕೊನೆಯಲ್ಲಿ ವಕ್ತೃಗಳ ಪಟ್ಟಿ ಎಂಬ ಅನುಬಂಧವಿರುತ್ತದೆ: ಹಾಡಿದವರ, ಕಥೆ ಹೇಳಿದವರ ಹೆಸರು, ವಯಸ್ಸು, ಜಾತಿ, ಊರು, ಈಚಿನವುಗಳಲ್ಲಿ ಮೊಬೈಲ್ ಸಂಖ್ಯೆ ಮತ್ತು ಭಾವಚಿತ್ರ. ಬೀಗ ಹಾಕಿದ ಬೀರುವಿನ ಕಾಲದಲ್ಲಿ ಅದು ಪರೀಕ್ಷಕರಿಗೆ ಕ್ಷೇತ್ರಕಾರ್ಯದ ಸಾಕ್ಷಿ ಮಾತ್ರ. ಶೋಧಗಂಗಾದಲ್ಲಿ ಅದು ಜಗತ್ತಿನ ಯಾರ ಕಣ್ಣಿಗಾದರೂ ಬೀಳುವ ಮಾಹಿತಿ. ವಾಣಿಜ್ಯೇತರ ಬಳಕೆಗೆ ಆಕರ ಸೂಚಿಸಿ ಹಂಚಿಕೊಳ್ಳಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೊಂದಿಗೆ ಅಲ್ಲಿ ಮಹಾಪ್ರಬಂಧಗಳು ಪ್ರಕಟವಾಗುತ್ತವೆ. ಆ ಪರವಾನಗಿಗೆ ಒಪ್ಪಿದವರು ಸಂಶೋಧಕರು ಮತ್ತು ವಿಶ್ವವಿದ್ಯಾಲಯ. ರಾತ್ರಿಯಿಡೀ ಹಾಡಿ, ಬೆಳಗ್ಗೆ ರೆಕಾರ್ಡರ್ ಆರಿದ ಮೇಲೆ ಕಾಫಿ ಕುಡಿದು ಎದ್ದುಹೋದ ಕಂಸಾಳೆಯ ಹಿರಿಯರನ್ನು ಯಾರೂ ಕೇಳಿರಲಿಲ್ಲ. ಅವರ ಹಾಡಿನ ಪಠ್ಯವೇ ಮಹಾಪ್ರಬಂಧದ ಅರ್ಧ ಭಾಗವಾಗಿದ್ದರೂ ಸಾಮ್ಯತೆಯ ಪರೀಕ್ಷೆ ಅದಕ್ಕೆ ಸೊನ್ನೆ ತೋರಿಸುತ್ತದೆ, ಏಕೆಂದರೆ ಹಾಡು ಅದುವರೆಗೆ ಎಲ್ಲಿಯೂ ಅಚ್ಚಾಗಿರುವುದಿಲ್ಲ.

ಹೀಗಾಗಿ ಈಗ ನನ್ನ ಬಳಿ ಕೆಲಸ ಮಾಡುವವರು ವಕ್ತೃಗಳ ಪಟ್ಟಿಯನ್ನು ಎರಡು ಮಾಡುತ್ತಾರೆ. ಪೂರ್ಣ ವಿವರಗಳಿರುವುದು ಮೌಖಿಕ ಪರೀಕ್ಷೆಯಲ್ಲಿ ತೋರಿಸಿದ ಬಳಿಕ ವಿಭಾಗದಲ್ಲಿ ಉಳಿಯುತ್ತದೆ. ಸಲ್ಲಿಕೆಯ ಪ್ರತಿಯಲ್ಲಿ ವಕ್ತೃಗಳು ಒಪ್ಪಿದಷ್ಟು ಮಾತ್ರ. ಒಪ್ಪಿಗೆ ಕೇಳಲು ಕೊಳ್ಳೇಗಾಲದ ಕಡೆಗೆ ನನ್ನ ವಿದ್ಯಾರ್ಥಿನಿಯೊಂದಿಗೆ ಹೋಗಿದ್ದಾಗ, ಶೋಧಗಂಗಾ ಎಂದರೇನೆಂದು ಮೊಬೈಲಿನಲ್ಲಿ ತೋರಿಸಿ ವಿವರಿಸಿದೆವು. ಹಾಡುಗಾರರು ತುಸು ಹೊತ್ತು ನೋಡಿ, ‘ನನ್ ಹೆಸ್ರು ಹಾಕಿ ಸ್ವಾಮಿ, ಫೋನ್ ನಂಬ್ರ ಬ್ಯಾಡ. ಆದ್ರ ನನ್ ಹೆಸ್ರಿಗಿಂತ ಮುಂಚ ನಮ್ ಗುರುಗಳ ಹೆಸ್ರು ಬರ್ಬೇಕು, ಪದ ಅವುರ್ದು’ ಎಂದರು. ಶೋಧಗಂಗಾದ ನಮೂನೆಯಲ್ಲಿ ಸಂಶೋಧಕರಿಗೆ ಒಂದು ಅಂಕಣವಿದೆ, ಮಾರ್ಗದರ್ಶಕರಿಗೆ ಒಂದು ಅಂಕಣವಿದೆ. ಹಾಡಿದವರಿಗಾಗಲಿ ಹಾಡು ಕಲಿಸಿದವರಿಗಾಗಲಿ ಅಂಕಣವಿಲ್ಲ. ಸದ್ಯಕ್ಕೆ ಆ ಎರಡು ಹೆಸರುಗಳನ್ನು ಅವರು ಹೇಳಿದ ಕ್ರಮದಲ್ಲೇ ಕೀಲಿಪದಗಳ ಜಾಗದಲ್ಲಿ ತುಂಬಿಸಿದ್ದೇವೆ, ಕನ್ನಡ ಲಿಪಿಯಲ್ಲೂ ರೋಮನ್ನಿನ ಎರಡು ಕಾಗುಣಿತಗಳಲ್ಲೂ.